ಕ-ಭಾಷೆಯಲ್ಲಿ ಮೊಣಕಾಲು ನೋವು

ಹಲ್ ಎನ್ನುವ ಊರು. ಫೋನಿನಲ್ಲಿ ಅವ್ವ
'ಯಾವ ಹಲ್ಲವ್ವಾ, ದವಡೀದೊ ಮುಂದಿಂದೊ' ಎಂದು ನಕ್ಕಿದ್ದಳು.
ಕೆಂಪಿಟ್ಟಿಗೆಯ ಸಾಲುಮನೆ, ಬಾಗಿಲಿಗೊಂದು ಹಿತ್ತಾಳೆಯ ಬಾಯಿ.
ಆ ಬಾಯಿ ದಿನಾ ತುಪುಕ್ಕೆಂದು ಉಗಿಯುತ್ತದೆ
ಒಳಗಿನ ಕಾಲೊರಸಿನ ಮೇಲೆ:
ಒಂದಕ್ಕೊಂದು ಉಚಿತ ಪಿಜ್ಜಾ, ಕಿವಿಯ ಯಂತ್ರ,
ಮೆಟ್ಟಿಲು ಹತ್ತಿಸುವ ಕುರ್ಚಿ,
ಅಂತ್ಯಕ್ರಿಯೆಗೆ ಈಗಲೇ ಕಂತು ಕಟ್ಟಿದರೆ
ಒಂದು ಪೆನ್ನು.

ಎಲ್ಲವೂ ಡೊರೀನ್ ಪಿಕರ್ಸ್‌ಗಿಲ್ ಹೆಸರಿಗೆ.
ಆಕೆ ಸತ್ತ ಮೇಲೇ ನಾವು ಈ ಮನೆ ಕೊಂಡದ್ದು.
ಆರು ವರ್ಷವಾಯಿತು, ಕಂಪನಿಗಳು ಇನ್ನೂ ಆಕೆಯನ್ನು ಸಾಯಗೊಟ್ಟಿಲ್ಲ.
ಮಾರ್ಚ್ ಒಂಬತ್ತು, ಹುಟ್ಟುಹಬ್ಬ, ಇಪ್ಪತ್ತು ಪರ್ಸೆಂಟ್ ಬಿಟ್ಟಿದ್ದಾರೆ.
ಹೋದ ವರ್ಷ ಆ ದಿನ, ಯಾಕೋ, ಸಜ್ಜಿಗೆ ಮಾಡಿದೆ.

ರಾತ್ರಿಪಾಳಿ ಮುಗಿಸಿ ಬಂದು ಬೂಟು ಬಿಚ್ಚುವ ಮೊದಲು
ಬಗ್ಗಿ ಅವನ್ನೆಲ್ಲ ಬಾಚಿಕೊಳ್ಳುವುದು ನನ್ನ ಪಾಲಿನ ಕಸಮುಸುರೆ.
'ದಯವಿಟ್ಟು ಬೇಡ' ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ.
ಚೀಟಿ ಮುದ್ರಿಸುವವನ ಜಾಹೀರಾತನ್ನು
ಅದರ ಮೇಲೇ ಸಿಕ್ಕಿಸಿ ಹೋದರು.

ಚನ್ನವೀರ ಓಡಿಸುವ ಬಸ್ಸಿಗೆ ಈ ತಿಂಗಳು
ಮೈತುಂಬ ಹಾಸಿಗೆ ಕಂಪನಿಯ ಬಣ್ಣ, ಕಿಟಕಿಯನ್ನೂ ಬಿಟ್ಟಿಲ್ಲ.
'ಹತ್ತು ತಾಸು ಹಾಸಿಗಿ ಓಡಿಸಿ ಬಂದೀನಿ, ಇನ್ನ ನಿದ್ದಿ ಎಲ್ಲಿಂದ ಬರಬೇಕು' ಅನ್ನುತ್ತಾನೆ.
ಇಂಪನಾಗೆ ಏಳು ವರ್ಷ. ವಚನ ಹೇಳಿಕೊಡಲು ಕೂತರೆ
ಮೊದಲ ಸಾಲಿಗೇ ಕೇಳುತ್ತಾಳೆ,
'ಅಮ್ಮಾ, ಸ್ಕಿಪ್ ಎಲ್ಲಿದೆ?'

ನಮಗೆ ಇದ್ದದ್ದು ಒಂದೇ ಧೈರ್ಯ, ಕನ್ನಡ.
ಅಡುಗೆಮನೆಯ ಕಟ್ಟೆಯ ಮೇಲೆ ಕೂತ ಗುಂಡು ಡಬ್ಬಿ
ಇಂಗ್ಲಿಷಿನಲ್ಲಿ ಕೆಮ್ಮಿದರೂ ಕೆಮ್ಮಿನೌಷಧಿ ಹೇಳುತ್ತಿತ್ತು;
ಕನ್ನಡಕ್ಕೆ ಮಾತ್ರ ಪೂರ್ತಿ ಕಿವುಡು.
ಮನೆಸಾಲ, ಅತ್ತಿಗೆಯ ಮೇಲಿನ ಸಿಟ್ಟು,
ನಲವತ್ತೇಳರ ನಡುರಾತ್ರಿಯ ಬೆವರು,
ಎಲ್ಲ ಅದರ ಎದುರೇ ಬಿಚ್ಚಿ ಹರವುತ್ತಿದ್ದೆವು
ಬೆಕ್ಕಿನ ಮುಂದೆ ಸೀರೆ ಬದಲಿಸುವವರ ಹಾಗೆ.

ಮೊನ್ನೆ ಮಂಗಳವಾರ ರೊಟ್ಟಿ ಬಡಿಯುತ್ತ ಅಂದೆ,
'ಮೊಣಕಾಲು ಹಿಡಕೊಂಡಾವ, ಪಾವಟಿಗಿ ಇಳಿಯೂದಾಗವಲ್ದು.'
ಬುಧವಾರ ಬೆಳಿಗ್ಗೆ ಫೋನು ಬೆಳಗಿತು:
'ಆತ್ಮೀಯ ಗ್ರಾಹಕರೇ, ಮಂಡಿನೋವು ನಿಮ್ಮನ್ನು ಕಾಡುತ್ತಿದೆಯೇ?'

ತಪ್ಪಿಲ್ಲದ ಕನ್ನಡ. ಒತ್ತು, ದೀರ್ಘ, ಎಲ್ಲ ಸರಿ.
ಇಷ್ಟು ವರ್ಷ ಈ ಊರಿನಲ್ಲಿ
ನೋವಿದೆಯೇ ಎಂದು ನನ್ನನ್ನು ನನ್ನ ಭಾಷೆಯಲ್ಲಿ
ಹೊರಗಿನವರು ಯಾರೂ ಕೇಳಿರಲಿಲ್ಲ.
ಒಂದು ಗಳಿಗೆ, ಸುಳ್ಳೇಕೆ, ಕಣ್ಣು ತುಂಬಿತು.
ಆಮೇಲೆ ಲಟ್ಟಣಿಗೆ ಹುಡುಕಿದೆ.

ಚನ್ನವೀರ ಡಬ್ಬಿಯ ವೈರು ಕಿತ್ತ,
ಫೋನನ್ನು ಜೋಳದ ಹಿಟ್ಟಿನಲ್ಲಿ ಹೂತಿಟ್ಟ.
ಆದರೂ ದನಿ ತಾನಾಗಿ ತಗ್ಗಿತು, ಬಾಣಂತಿ ಮನೆಯಲ್ಲಿ ತಗ್ಗುವಂತೆ.
ಉಪ್ಪು ಎಂದರೆ ಬಿ.ಪಿ. ಮಾತ್ರೆ ಬಂದೀತು,
ಸುಮ್ಮನಿದ್ದರೆ, ಸುಮ್ಮನಿರುವವರಿಗೆಂದೇ ಏನೋ ಇದ್ದೀತು.

ಆಗ ನೆನಪಾಯಿತು ಗದಗಿನ ಮಾಳಿಗೆ,
ಹುಣಸೆಹಣ್ಣು ಕದ್ದ ಬೆರಳು ನೆಕ್ಕುತ್ತ
ದೊಡ್ಡವರಿಗೆ ತಿಳಿಯದಂತೆ ಗಂಗಕ್ಕನೂ ನಾನೂ ಆಡುತ್ತಿದ್ದ ಕ-ಭಾಷೆ.
ಅಕ್ಷರಕ್ಕೊಂದು ಕ ಕಾವಲಿಗೆ ನಿಲ್ಲಿಸುವುದು, ಅಷ್ಟೇ.

'ಕಚಾ ಕಬೇಕಕಾ?' ಅಂದೆ.
ಬಸ್ಸು ಕಾಣದ ಗಲ್ಲಿಗೆ ತಿರುಗಿದಂತೆ ಅವನು ನೋಡಿದ.
ಮೊದಲು ಹಿಡಿದವಳು ಇಂಪನಾ:
'ಕನಕನಕಗೂ!'

ಇದನ್ನೂ ಕಲಿಯುತ್ತವೆ, ಗೊತ್ತು. ದೀಪಾವಳಿಯ ಹೊತ್ತಿಗೆ
'ಕಮಂಕಡಿ ಕನೋಕವೇ?' ಎಂದು ಕೇಳಿದರೂ ಕೇಳಿಯಾವು.
ಅಲ್ಲಿಯತನಕ ಈ ಚಹದ ಬಿಸಿ ನಮ್ಮದು.

ಬಾಗಿಲ ಬಾಯಿ ಮತ್ತೆ ತುಪುಕ್ಕೆಂದಿತು.
ಡೊರೀನಳಿಗೆ ಅರ್ಧ ಬೆಲೆಯಲ್ಲಿ ಪರದೆಗಳಂತೆ.
ಎತ್ತಲು ಬಗ್ಗಿದೆ,
ಬಂದ ನರಳಿಕೆಗೂ ಕ ಹಚ್ಚಿಯೇ ನರಳಿದೆ:
ಕಅಕವ್ವಾ.